ತುಳಿದವರ ದಾರಿ

ಕನ್ನಡದಲ್ಲಿ ಕಾರನ್ನು ಓಡಿಸುತ್ತಾರೆ, ಎತ್ತಿನ ಗಾಡಿಯನ್ನು ಹೊಡೆಯುತ್ತಾರೆ, ಸೈಕಲ್ಲನ್ನು ತುಳಿಯುತ್ತಾರೆ. ಕಾಲುದಾರಿಯನ್ನೂ ತುಳಿಯುತ್ತಾರೆ. ಎರಡಕ್ಕೂ ಒಂದೇ ಕ್ರಿಯಾಪದ ಒದಗಿರುವುದು ಆಕಸ್ಮಿಕವಿದ್ದೀತು. ಆದರೆ ನಾನು ಇಲ್ಲಿ ಹೇಳಬೇಕೆಂದಿರುವುದೆಲ್ಲ ಅದರೊಳಗೇ ಇದೆ. ಮಲೆನಾಡಿನ ಕಾಲುದಾರಿಗಳು ಒಂದೊಂದಾಗಿ ಮುಚ್ಚಿಹೋಗುತ್ತಿವೆ. ಅವನ್ನು ಉಳಿಸುವುದಕ್ಕೆ ತುಳಿಯುವವರು ಬೇಕು. ನಡೆದು ತುಳಿಯುವವರು ಕಡಿಮೆಯಾಗಿರುವ ಈ ಕಾಲದಲ್ಲಿ ಸೈಕಲ್ಲಿನ ಮೇಲೆ ಕೂತು ತುಳಿಯುವವರಾದರೂ ಬರಲಿ ಎಂಬುದು ನನ್ನ ವಾದ. ಇದಕ್ಕೆ ಅಡ್ಡ ಬರುವವರು ಮೂರು ಬಗೆಯ ಜನ. ಮೂವರ ಮೇಲೂ ನನಗೆ ತಕರಾರಿದೆ.

ಮೊದಲನೆಯವರು ಬೆಟ್ಟದ ಸೈಕಲ್ ಸವಾರಿ ಎಂದರೆ ಹಿಮಾಲಯ ಎಂದು ತಿಳಿದವರು. ನನ್ನ ಹಳೆಯ ವಿದ್ಯಾರ್ಥಿಗಳಲ್ಲೇ ಇಂಥ ನಾಲ್ಕಾರು ಮಂದಿ ಇದ್ದಾರೆ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ, ಲಕ್ಷಾಂತರ ರೂಪಾಯಿಯ ಸೈಕಲ್ಲು. ಊರಿಗೆ ಬಂದಾಗ ಮನಾಲಿಯಿಂದ ಲೇಹ್‌ಗೆ ತುಳಿದುಕೊಂಡು ಹೋದ ಫೋಟೋ ತೋರಿಸುತ್ತಾರೆ. ತಂಗ್ಲಂಗ್ ಲಾ ಕಣಿವೆ 5,300 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ಉಸಿರು ಸಿಗುವುದಿಲ್ಲ, ನಿಜ. ಆದರೆ ಅದು ಸೈನ್ಯದ ಲಾರಿ ಹತ್ತಲೆಂದು ಸುತ್ತಿಸಿ ಸುತ್ತಿಸಿ ಮಾಡಿದ ರಸ್ತೆ. ಇವರ ಮನೆಯ ಹಿಂದಿನ ಗುಡ್ಡ ಹತ್ತುವ ದಾರಿ ಅದಕ್ಕಿಂತ ಎಷ್ಟೋ ಕಡಿದು. ಆ ದಾರಿಯಲ್ಲಿ ಕೊನೆಯ ಸಲ ಯಾವಾಗ ಹೋಗಿದ್ದೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ‘ಅಲ್ಲೇನಿದೆ ಸಾರ್?’ ಎನ್ನುತ್ತಾರೆ.

ಅಲ್ಲೇನಿದೆ ಎಂದು ಕೇಳುವವರು ಈ ಆಟ ಹುಟ್ಟಿದ್ದು ಹೇಗೆಂದು ತಿಳಿದುಕೊಳ್ಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಪಕ್ಕದ ಮರಿನ್ ಎಂಬ ಜಿಲ್ಲೆಯಲ್ಲಿ ಕೆಲವು ಹುಡುಗರು ಗುಜರಿಯಲ್ಲಿ ಬಿದ್ದಿದ್ದ 1930–40ರ ಕಾಲದ ದಪ್ಪ ಟೈರಿನ ಸೈಕಲ್ಲುಗಳನ್ನು ಎತ್ತಿಕೊಂಡು ತಮ್ಮ ಊರಿನ ಗುಡ್ಡಕ್ಕೆ ಹೋದರು. 1976ರ ಅಕ್ಟೋಬರಿನಲ್ಲಿ ತಮ್ಮತಮ್ಮಲ್ಲೇ ಒಂದು ಪಂದ್ಯ ನಡೆಸಿದರು. ದಾರಿಯ ಉದ್ದ ಮೂರೂವರೆ ಕಿಲೋಮೀಟರಿಗಿಂತ ಕಡಿಮೆ. ಇಳಿತ ಮಾತ್ರ ಸುಮಾರು 400 ಮೀಟರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಳೆಯ ಬ್ರೇಕುಗಳವು. ಕೆಳಗೆ ತಲುಪುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಕಾದು ಹೊಗೆಯಾಡಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಆ ದಾರಿಗೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಆ ಗುಂಪಿನಲ್ಲಿದ್ದ ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಮುಂದೆ ಹೊಸ ಬಗೆಯ ಸೈಕಲ್ಲನ್ನೇ ತಯಾರಿಸಿದರು, ಮಾರಿದರು. ಇಪ್ಪತ್ತೇ ವರ್ಷಕ್ಕೆ, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಅದು ಸ್ಪರ್ಧೆಯಾಯಿತು. ಇಷ್ಟಕ್ಕೆಲ್ಲ ಬೇಕಾಗಿದ್ದುದು ಮನೆಯ ಹತ್ತಿರದ ಒಂದು ಗುಡ್ಡ ಮತ್ತು ಒಂದು ಹಳೆಯ ಸೈಕಲ್ಲು. ದೂರದ ಶಿಖರ ಯಾರಿಗೂ ಬೇಕಾಗಿರಲಿಲ್ಲ.

ಕಷ್ಟದ ಸವಾರಿ ಬೇಕೆನ್ನುವವರು ನಕಾಶೆಯನ್ನು ಮೇಜಿನ ಮೇಲೆ ಹರಡಿಕೊಂಡು ನೋಡಲಿ. ಭಾರತ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕಾಶೆಗಳನ್ನು 2017ರಲ್ಲಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಜನರಿಗೆ ತೆರೆದಿಟ್ಟರು. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರು. ಒಂದು ಸಮೋನ್ನತ ರೇಖೆಯಿಂದ ಇನ್ನೊಂದಕ್ಕೆ 20 ಮೀಟರಿನ ಏರು. ದಾರಿಯ ಒಂದು ಸೆಂಟಿಮೀಟರಿನಲ್ಲಿ ಐದು ಗೆರೆ ದಾಟಬೇಕಾಗಿ ಬಂದರೆ ಅಲ್ಲಿ 500 ಮೀಟರಿಗೆ 100 ಮೀಟರ್ ಹತ್ತುತ್ತೀರಿ, ಅಂದರೆ ಶೇಕಡಾ 20ರ ಏರು. ಮುಂದೆ 32 ಹಲ್ಲು, ಹಿಂದೆ 46 ಹಲ್ಲಿನ ಗೇರು ಹಾಕಿದರೂ, ಪೆಡಲು ಒಂದು ಪೂರಾ ಸುತ್ತು ಬಂದಾಗ ಚಕ್ರ ಮುಕ್ಕಾಲು ಸುತ್ತು ಕೂಡ ತಿರುಗದಿದ್ದರೂ, ತೊಡೆ ಉರಿಯುತ್ತದೆ. ಅದರ ಮೇಲೆ ಜಂಬಿಟ್ಟಿಗೆ ಕಲ್ಲಿನ ಉರುಟು ಹರಳು, ಒಣಗಿದ ತರಗೆಲೆ, ಧರೆಯಿಂದ ಹೊರಬಂದ ಬೇರು. ತೀರ್ಥಹಳ್ಳಿ ಸೀಮೆಯಲ್ಲಿ ನಮ್ಮ ಮನೆಯಿಂದ ಹೊರಟು ಮನೆಗೇ ಬರುವ 24 ಕಿಲೋಮೀಟರಿನ ಒಂದು ಸುತ್ತಿನಲ್ಲಿ ಇಂಥ ಏರುಗಳನ್ನೆಲ್ಲ ಕೂಡಿದರೆ 900 ಮೀಟರ್ ಆಗುತ್ತದೆ.

ನೇಯ್‌ಸ್ಮಿತ್ ಎಂಬ ಸ್ಕಾಟ್ಲೆಂಡಿನವರೊಬ್ಬರು 1892ರಲ್ಲಿ ಬೆಟ್ಟ ನಡೆಯುವವರಿಗೆ ಒಂದು ಲೆಕ್ಕ ಕೊಟ್ಟರು: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಸೈಕಲ್ಲಿನಲ್ಲೂ ಇದೇ ಲೆಕ್ಕ ಸರಿಹೋಗುತ್ತದೆ. ಸಮತಟ್ಟಿನಲ್ಲಿ ಉಳಿಸಿದ ಹೊತ್ತು ಸಂಕ ದಾಟುವಾಗ, ತಡಮೆಯ ಮೇಲೆ ಸೈಕಲ್ ಎತ್ತಿ ಇಳಿಸುವಾಗ ಕಳೆದುಹೋಗುತ್ತದೆ. ಆರೂಕಾಲು ಗಂಟೆಯ ದಾರಿ ಅದು. ಬೆಳಿಗ್ಗೆ ಆರೂವರೆಗೆ ಹೊರಟು ಹತ್ತಕ್ಕೆ ಅರ್ಧ ದಾರಿ ಮುಟ್ಟದಿದ್ದರೆ ಹಿಂದಕ್ಕೆ ತಿರುಗುವುದೆಂದು ಹೊರಡುವ ಮೊದಲೇ ನಿಶ್ಚಯಿಸಿರಬೇಕು. ಒಂದು ಟ್ಯೂಬು, ಪಂಪು, ಚೈನ್ ಬಿಚ್ಚುವ ಸಾಧನ, ಎರಡು ಲೀಟರ್ ನೀರು ಹೆಗಲಿಗೇರಬೇಕು. ಯಾವ ದಾರಿಯಲ್ಲಿ ಹೋಗುತ್ತೇನೆಂದು ಮನೆಯಲ್ಲಿ ಚೀಟಿ ಬರೆದಿಡಬೇಕು. ಇಷ್ಟು ಮಾಡಿ ಆ ಸುತ್ತು ಮುಗಿಸಿ ಬಂದವನು ಹಿಮಾಲಯದ ಫೋಟೋದೆದುರು ತಲೆ ತಗ್ಗಿಸಬೇಕಾಗಿಲ್ಲ.

ನಕಾಶೆಯ ಮೇಲಿನ ಗೆರೆ ನೆಲದ ಮೇಲೆ ಇದ್ದೇ ಇರುತ್ತದೆಂಬ ಖಾತ್ರಿಯಿಲ್ಲ. ಅದನ್ನು ಕೇಳಿ ತಿಳಿಯಬೇಕು. ದಾರಿ ಬದಿಯ ಮನೆಯೊಂದರ ಅಜ್ಜಿ ನನ್ನನ್ನು ನೋಡಿ, ‘ಅಲ್ಲ ಮೇಷ್ಟ್ರೇ, ಒಳ್ಳೇ ಟಾರ್ ರೋಡ್ ಇರ್ಬೇಕಾದ್ರೆ ಈ ಗುಡ್ಡದಲ್ಲಿ ಯಾಕೆ ಸಾಯ್ತೀರಿ?’ ಎಂದು ಕೇಳಿದರು. ಆಮೇಲೆ ಮಜ್ಜಿಗೆ ಕೊಟ್ಟು, ಅವರ ಮಾವನ ಕಾಲದಲ್ಲಿ ಘಟ್ಟದ ಕೆಳಗಿನಿಂದ ಎತ್ತಿನ ಮೇಲೆ ಉಪ್ಪು ಬರುತ್ತಿದ್ದುದು ಅದೇ ದಾರಿಯಲ್ಲಿ ಎಂದು ಹೇಳಿದರು. ಹಳೆಯ ಸಂಕ ಕೊಚ್ಚಿಹೋದ ಮೇಲೆ ಹಳ್ಳ ದಾಟುವುದು ಎಲ್ಲಿ ಎಂದು ಕೈ ತೋರಿಸಿದರು. ಯಾವ ಉಪಗ್ರಹವೂ ಕೊಡದ ಮಾಹಿತಿ ಇದು. ಇನ್ನು ಹತ್ತು ವರ್ಷ ಹೋದರೆ ಕೇಳೋಣವೆಂದರೂ ಹೇಳುವವರು ಇರುವುದಿಲ್ಲ.

ಎರಡನೆಯವರು ಬೇಲಿಯವರು. ನಾನು ಹದಿನೈದು ವರ್ಷ ತುಳಿದ ಒಂದು ದಾರಿಗೆ ಈಗ ಕಬ್ಬಿಣದ ಗೇಟು ಬಿದ್ದಿದೆ. ಗುಡ್ಡದ ಒಂದು ಮಗ್ಗುಲನ್ನು ಕೊಂಡವರು ಅಲ್ಲಿ ಪ್ರವಾಸಿಗರಿಗೆ ತಂಗುಮನೆ ಕಟ್ಟಿಸಿದರು, ದಾರಿಗೆ ಬೀಗ ಹಾಕಿದರು. ಹಿಂದೆ ಅಲ್ಲಿ ಉಣಗೋಲಿತ್ತು. ಗಳ ಸರಿಸಿ ದಾಟಿ, ಮತ್ತೆ ಗಳ ಹಾಕಿ ಹೋಗಬೇಕು. ದನಕ್ಕೆ ತಡೆ, ಮನುಷ್ಯನಿಗೆ ದಾರಿ. ಜಮೀನು ಒಬ್ಬನದು, ಹಾದಿ ಎಲ್ಲರದು ಎಂಬ ತಿಳಿವಳಿಕೆಯನ್ನು ನಾಲ್ಕು ಬಿದಿರಿನ ಗಳದಲ್ಲಿ ಮಾಡಿಟ್ಟಿದ್ದರು ನಮ್ಮ ಹಿರಿಯರು. ಈಗಿನ ಗೇಟಿನ ಮುಂದೆ ಕಾವಲುಗಾರನೊಬ್ಬ ಕೂತು ‘ಪ್ರೈವೇಟ್ ಪ್ರಾಪರ್ಟಿ’ ಎನ್ನುತ್ತಾನೆ. ಅದೇ ದಾರಿಯಲ್ಲಿ ಅತಿಥಿಗಳನ್ನು ಕರೆದೊಯ್ಯಲು ಹಣ ಪಡೆಯುತ್ತಾರೆ; ಅದಕ್ಕೆ ‘ನೇಚರ್ ವಾಕ್’ ಎಂದು ಹೆಸರು.

ದಾರಿ ವ್ಯಾಜ್ಯದಲ್ಲಿ ವಕೀಲರು ತೆಗೆಯುವ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಒಂದು ವಿಚಾರವಿದೆ. ಇನ್ನೊಬ್ಬರ ನೆಲದ ಮೇಲೆ ಬಹಿರಂಗವಾಗಿ, ಹಕ್ಕೆಂದು ತಿಳಿದು, ತಡೆಯಿಲ್ಲದೆ 20 ವರ್ಷ ಹಾದುಹೋದರೆ ಹಾದುಹೋಗುವ ಹಕ್ಕು ಬರುತ್ತದೆ. ಸರ್ಕಾರಿ ನೆಲವಾದರೆ 30 ವರ್ಷ. ಅದೇ ಕಾಯ್ದೆಯ ಪ್ರಕಾರ 20 ವರ್ಷ ಬಳಸದೇ ಬಿಟ್ಟರೆ ಆ ಹಕ್ಕು ಹೋಗುತ್ತದೆ. ಗ್ರಾಮ ನಕಾಶೆಯಲ್ಲಿ ಚುಕ್ಕಿಗೆರೆಯಾಗಿ ಕಾಣುವ ಊರೊಟ್ಟಿನ ಬಂಡಿದಾರಿ, ಕಾಲುದಾರಿಗಳ ಲೆಕ್ಕ ಬೇರೆ ಎಂದು ಕಾನೂನು ಬಲ್ಲವರು ಹೇಳಬಹುದು. ಇರಲಿ. ನೆಲದ ಮೇಲೆ ನಡೆಯುವುದು ಒಂದೇ: ಎರಡು ಮಳೆಗಾಲ ಯಾರೂ ತುಳಿಯದಿದ್ದರೆ ಲಂಟಾನ ಮುಚ್ಚುತ್ತದೆ, ಐದನೇ ವರ್ಷ ಅಲ್ಲಿ ಅಡಿಕೆ ಸಸಿ ನೆಡುತ್ತಾರೆ, ಹತ್ತನೇ ವರ್ಷ ಅಲ್ಲಿ ದಾರಿಯಿತ್ತೆಂದು ಹೇಳಿದವನನ್ನು ಹುಚ್ಚನೆನ್ನುತ್ತಾರೆ. ವಾರಕ್ಕೊಮ್ಮೆ ನಾಲ್ಕು ಹುಡುಗರು ಸೈಕಲ್ ತುಳಿದು ಹೋಗುವ ದಾರಿಗೆ ಗೇಟು ಹಾಕಲು ಯಾವನಾದರೂ ಎರಡು ಸಲ ಯೋಚಿಸುತ್ತಾನೆ. ನೋಡುವ ಕಣ್ಣಿದೆ, ಕೇಳುವ ಬಾಯಿದೆ ಎಂಬುದು ಅವನಿಗೆ ಗೊತ್ತಿರುತ್ತದೆ.

ಮೂರನೆಯವರು ಕಾಂಕ್ರೀಟಿನವರು. ಇವರ ವಾದಕ್ಕೆ ಬಲವಿದೆ. ‘ಬಸುರಿ ಹೆಂಗಸನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತಂದದ್ದು ನಿಮಗೆ ಗೊತ್ತಾ? ನಿಮ್ಮ ಆಟಕ್ಕೆ ನಮ್ಮೂರು ಕೆಸರಲ್ಲೇ ಇರಬೇಕಾ?’ ಎಂದು ಪಂಚಾಯ್ತಿ ಸದಸ್ಯರೊಬ್ಬರು ನನ್ನನ್ನು ನೇರವಾಗಿಯೇ ಕೇಳಿದ್ದಾರೆ. ಇದ್ದ ಮನೆಗೆಲ್ಲ ಆಂಬುಲೆನ್ಸ್ ಹೋಗುವ ರಸ್ತೆ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಂಕ್ರೀಟು ಬೀಳುತ್ತಿರುವುದು ಅಂಥ ಕಡೆ ಮಾತ್ರವೇ? ಯಾವ ಮನೆಯೂ ಇಲ್ಲದ ಬ್ಯಾಣದ ಏರಿಗೆ, ಗುಡ್ಡದ ತುದಿಯ ವ್ಯೂ ಪಾಯಿಂಟಿಗೆ ಜೀಪು ಹತ್ತಲೆಂದು ಸಿಮೆಂಟು ಸುರಿಯುವುದನ್ನು ಯಾವ ಬಾಣಂತಿಯ ಹೆಸರಿನಲ್ಲಿ ಸಮರ್ಥಿಸುತ್ತೀರಿ? ಕಡಿದಾದ ಏರಿನ ಕಾಂಕ್ರೀಟು ಒಂದೇ ಮಳೆಗಾಲಕ್ಕೆ ಹಾವಸೆ ಕಟ್ಟುತ್ತದೆ. ಆಮೇಲೆ ಅದರ ಮೇಲೆ ಹಾಲಿನ ಕ್ಯಾನು ಹೊತ್ತವನೂ ಜಾರುತ್ತಾನೆ. ಕಾಲುದಾರಿಯ ಪಕ್ಕ ಒಂದು ಅಗಳು ತೆಗೆದು ನೀರು ತಿರುಗಿಸಿದ್ದರೆ, ಹಳ್ಳಕ್ಕೊಂದು ಸಂಕ ಹಾಕಿದ್ದರೆ ನೂರನೇ ಒಂದು ಪಾಲು ಖರ್ಚಿನಲ್ಲಿ ಮುಗಿಯುತ್ತಿತ್ತು. ಆದರೆ ಅಗಳಿಗೆ ದೊಡ್ಡ ಬಿಲ್ಲಾಗುವುದಿಲ್ಲ.

ಇದು ‘ಆಟ’ ಎಂಬ ಮಾತಿಗೂ ಉತ್ತರ ಹೇಳಬೇಕು. 2006–07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಕೋವಿಡ್ ಬಂದ ಮೇಲೆ ಅದು ನಿಂತಿತು. ಗೇರಿಲ್ಲದ ಆ ಸೈಕಲ್ಲನ್ನು ಏರಿನಲ್ಲಿ ತಳ್ಳಿ, ಇಳಿಜಾರಿನಲ್ಲಿ ಹತ್ತಿ, ಕಾಲುದಾರಿ ಹಿಡಿದು ಹೈಸ್ಕೂಲಿಗೆ ಬರುತ್ತಿದ್ದ ಹುಡುಗಿಯರನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ರಸ್ತೆಯಲ್ಲಿ ಆರು ಕಿಲೋಮೀಟರ್ ಆಗುವುದು ಒಳದಾರಿಯಲ್ಲಿ ಎರಡೂವರೆ. ಬೇಲಿ ಬಿದ್ದರೆ ಆ ಮಗು ಲಾರಿ ಓಡುವ ಹೆದ್ದಾರಿಗೆ ಬರಬೇಕು, ಇಲ್ಲವೇ ಬಸ್ಸಿಗೆ ಕಾಯಬೇಕು. ಭಾನುವಾರ ಆಟಕ್ಕೆ ತುಳಿಯುವವನು ಉಳಿಸುವ ದಾರಿಯಲ್ಲೇ ಸೋಮವಾರ ಶಾಲೆಯ ಮಕ್ಕಳು ಹೋಗುತ್ತಾರೆ.

ಇಷ್ಟು ಹೇಳಿದ ಮೇಲೆ ನಮ್ಮವರಿಗೂ, ಅಂದರೆ ಸೈಕಲ್ಲಿನವರಿಗೂ, ನಾಲ್ಕು ಮಾತು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಂಥ ಸೀಮೆಯಲ್ಲಿ ಮಳೆಗಾಲದ ಮೆತ್ತನೆ ದಾರಿಯಲ್ಲಿ ಬ್ರೇಕು ಹಿಡಿದು ಚಕ್ರ ಎಳೆದುಕೊಂಡು ಇಳಿದರೆ ಆ ಗೀರೇ ನೀರಿಗೆ ಕಾಲುವೆಯಾಗುತ್ತದೆ, ಮಳೆ ಮುಗಿಯುವಷ್ಟರಲ್ಲಿ ದಾರಿ ಕೊರಕಲಾಗುತ್ತದೆ. ನಮ್ಮ ಸವಾರಿ ದೀಪಾವಳಿ ಕಳೆದು ನೆಲ ಗಟ್ಟಿಯಾದ ಮೇಲೆ. ಇನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಅಭಯಾರಣ್ಯ ಇಲ್ಲೇ ಪಕ್ಕದಲ್ಲಿವೆ. 1972ರ ವನ್ಯಜೀವಿ ಕಾಯ್ದೆಯಂತೆ ಅವುಗಳೊಳಗೆ ಅನುಮತಿಯಿಲ್ಲದೆ ಹೋಗಕೂಡದು. ‘ನಮ್ಮ ಸೈಕಲ್ ಸದ್ದೇ ಮಾಡುವುದಿಲ್ಲವಲ್ಲ’ ಎಂದು ವಾದಿಸುವವರಿದ್ದಾರೆ. ಸದ್ದಿಲ್ಲದಿರುವುದೇ ಅಪಾಯ. ತಿರುವಿನಾಚೆ ಮೇಯುತ್ತಿರುವ ಕಾಟಿಗೆ ನೀವು ಬರುವುದು ತಿಳಿಯುವುದೇ ಇಲ್ಲ. ಬೆದರಿದ ಕಾಟಿ ಯಾವ ಕಡೆ ನುಗ್ಗುತ್ತದೆಂದು ಹೇಳಬಲ್ಲವರಿಲ್ಲ. ಸೊಪ್ಪಿನ ಹೊರೆ ಹೊತ್ತು ಬರುವವರಿಗೂ ಇದೇ ಮಾತು. ಅವರನ್ನು ಕಂಡಾಗ ಇಳಿದು, ಸೈಕಲ್ಲನ್ನು ಬದಿಗೆ ಒರಗಿಸಿ ನಿಲ್ಲಬೇಕು. ಮರಿನ್ ಜಿಲ್ಲೆಯಲ್ಲೂ ನಡೆಯುವವರು, ಕುದುರೆಯವರು ಸೈಕಲ್ಲಿನ ಮೇಲೆ ತಿರುಗಿಬಿದ್ದರು, ಎಷ್ಟೋ ದಾರಿಗಳು ಸೈಕಲ್ಲಿಗೆ ಮುಚ್ಚಿಹೋದವು. ದುಡುಕಿ ಓಡಿಸಿದವರಿಂದ ಕೇಡಾದದ್ದು ಎಲ್ಲ ಸವಾರರಿಗೂ.

ಆದ್ದರಿಂದ ಓದುಗರಲ್ಲಿ ಯಾರಿಗಾದರೂ ಕಷ್ಟದ ಸವಾರಿಯ ಹುಮ್ಮಸ್ಸಿದ್ದರೆ ಈ ಬೇಸಿಗೆಯಲ್ಲಿ ಮನಾಲಿಯ ಟಿಕೆಟ್ ತೆಗೆಸುವ ಮೊದಲು ನಿಮ್ಮ ಊರಿನ ಗ್ರಾಮ ನಕಾಶೆ ತೆಗೆಸಿ. ಅದರಲ್ಲಿ ಚುಕ್ಕಿಗೆರೆಯಲ್ಲಿರುವ ದಾರಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡಿ. ಸರ್ವೇಕ್ಷಣಾ ಇಲಾಖೆಯ ನಕಾಶೆಯ ಮೇಲೆ ಅವನ್ನು ಜೋಡಿಸಿ ಏರು ಲೆಕ್ಕ ಹಾಕಿ, ಹಿರಿಯರನ್ನು ಕೇಳಿ, ಜಮೀನಿನವರಿಗೆ ಹೇಳಿ, ತುಳಿದು ನೋಡಿ. ಯಾವುದು ತೆರೆದಿದೆ, ಯಾವುದಕ್ಕೆ ಬೇಲಿ ಬಿದ್ದಿದೆ, ಯಾವುದಕ್ಕೆ ಸಂಕ ಬೇಕು ಎಂದು ಪಟ್ಟಿ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಗಟ್ಟಿಯಾಗಿ ಓದಿ, ನಡಾವಳಿಯಲ್ಲಿ ಬರೆಸಿ. ನಾನು ನಮ್ಮ ಪಂಚಾಯ್ತಿಗೆ ಹನ್ನೊಂದು ದಾರಿಗಳ ಪಟ್ಟಿ ಕೊಟ್ಟಿದ್ದೇನೆ. ಮೂರರ ಬೇಲಿ ಇನ್ನೂ ತೆಗೆದಿಲ್ಲ. ಉಳಿದ ಎಂಟರಲ್ಲಿ ಚಕ್ರ ಓಡಾಡುತ್ತಿದೆ.