ಕಾಯಿಸಿದ ಹಾಲಿನ ಸತ್ವ

ಹಾಲನ್ನು ಉಕ್ಕಿಸಿದರೆ ಅದರೊಳಗಿನ ಪ್ರೋಟೀನು ಸಾಯುತ್ತದೆಯೆಂದೂ ಮೂರು ವರ್ಷದ ಮೊಮ್ಮಗನಿಗೆ ಹಸಿಹಾಲನ್ನೇ ಕುಡಿಸಬೇಕೆಂದೂ ನೆರೆಯವರು ಹೇಳುತ್ತಿರುವುದಾಗಿ ತಾಯಿಯೊಬ್ಬರು ಬರೆದಿದ್ದಾರೆ. ಈ ಮಾತು ತಪ್ಪು, ಅಪಾಯಕಾರಿಯೂ ಹೌದು. ಕ್ಷಯದ ಹಾಗೂ ಬ್ರೂಸೆಲ್ಲಾ ಜ್ವರದ ಅಣುಜೀವಿಗಳು ಹಸಿಹಾಲಿನ ಮೂಲಕ ಮನುಷ್ಯರ ದೇಹವನ್ನು ಸೇರಬಲ್ಲವು.

ಪ್ರೋಟೀನೆಂಬುದು ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಮಣಿಗೆ ಮಣಿಯನ್ನು ಬೆಸೆದಿರುವ ಪೆಪ್ಟೈಡ್ ಬಂಧವು ಬಲವಾದುದು. ಹಾಲು ಕಾಯಿಸುವಷ್ಟು ಕಾವಿಗೆ ಅದು ಹರಿಯುವುದಿಲ್ಲ. ಆದರೆ ಸರವು ಮಡಿಚಿಕೊಂಡು ಒಂದು ಆಕಾರವನ್ನು ತಳೆದು ನಿಲ್ಲುವುದು ಬೇರೆ ಬಂಧಗಳಿಂದ: ಜಲಜನಕ ಬಂಧ, ವಿದ್ಯುದಂಶಗಳ ಪರಸ್ಪರ ಸೆಳೆತ, ನೀರನ್ನೊಲ್ಲದ ಭಾಗಗಳು ಒಳಗಡೆ ಅಡಗುವ ಪ್ರವೃತ್ತಿ. ಇವು ಒಂದೊಂದಾಗಿ ದುರ್ಬಲವಾದವು. ಬಿಸಿ ಸಡಿಲಿಸುವುದು ಇವುಗಳನ್ನು. ಸರ ಬಿಚ್ಚಿಕೊಳ್ಳುತ್ತದೆ, ಸಾಯುವುದಿಲ್ಲ. ಆಕಳ ಮೇದೋಜೀರಕ ಗ್ರಂಥಿಯ ಒಂದು ಪ್ರೋಟೀನನ್ನು ಪೂರ್ತಿ ಬಿಚ್ಚಿ, ಅದು ತಾನಾಗಿಯೇ ಮತ್ತೆ ಮಡಿಚಿಕೊಂಡು ಕೆಲಸಕ್ಕೆ ತೊಡಗುವುದನ್ನು ತೋರಿಸಿದ ಅಮೆರಿಕದ ಆನ್ಫಿನ್ಸನ್ ಅವರಿಗೆ 1972ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಆಕಳ ಹಾಲಿನ ಪ್ರೋಟೀನಿನಲ್ಲಿ ಸುಮಾರು ನೂರಕ್ಕೆ 80 ಪಾಲು ಕೇಸೀನು. ಅದಕ್ಕೆ ಗಟ್ಟಿಯಾದ ಮಡಿಕೆಯೇ ಇಲ್ಲ. ಆದ್ದರಿಂದಲೇ ತಾಜಾ ಹಾಲು ಕುದಿದರೂ ಒಡೆಯುವುದಿಲ್ಲ. ಉಳಿದದ್ದರಲ್ಲಿ ಮುಖ್ಯವಾದುದು 162 ಅಮೈನೋ ಆಮ್ಲಗಳ ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್. ಅದರೊಳಗೆ ಗಂಧಕ ಗಂಧಕಗಳು ಕೂಡಿದ ಎರಡು ಕೊಂಡಿಗಳಿವೆ. ಜೊತೆಯಿಲ್ಲದ ಇನ್ನೊಂದು ಗಂಧಕವು ಒಳಗೆ ಮರೆಯಾಗಿರುತ್ತದೆ. ಕಾವು 70 ಡಿಗ್ರಿಯನ್ನು ದಾಟಿದಂತೆ ಮಡಿಕೆ ಬಿಚ್ಚಿ ಈ ಒಂಟಿ ಗಂಧಕ ಹೊರಬೀಳುತ್ತದೆ. ಕಾದ ಹಾಲಿನ ಆ ವಿಶಿಷ್ಟ ವಾಸನೆಗೆ ಬಹುಮಟ್ಟಿಗೆ ಇದೇ ಕಾರಣ. ಅನಂತರ ಅದು ಕೇಸೀನು ಕಣದ ಮೇಲ್ಮೈಗೆ ಹೊಸ ಕೊಂಡಿ ಹಾಕಿಕೊಳ್ಳುತ್ತದೆ.

ಹೆಪ್ಪು ಹಾಕಿದಾಗ ಹುಳಿಯು ಕೇಸೀನು ಕಣಗಳನ್ನು ದೂರವಿರಿಸಿದ್ದ ಋಣ ವಿದ್ಯುದಂಶವನ್ನು ಅಳಿಸಿ ಅವುಗಳನ್ನು ಒಂದುಗೂಡಿಸುತ್ತದೆ. ಆ ಹೊಸ ಕೊಂಡಿಗಳಿದ್ದರೆ ಮೊಸರು ಗಟ್ಟಿ, ಇಲ್ಲದಿದ್ದರೆ ನೀರು ನೀರು. ಹಾಲನ್ನು ಚೆನ್ನಾಗಿ ಕಾಯಿಸಿ ಆರಿಸಿಯೇ ಹೆಪ್ಪು ಹಾಕುತ್ತಿದ್ದ ನಮ್ಮ ಅಜ್ಜಿಯರಿಗೆ ಗಂಧಕದ ವಿಚಾರ ತಿಳಿದಿರಲಿಲ್ಲ, ಮೊಸರಿನ ವಿಚಾರ ತಿಳಿದಿತ್ತು.

ಮಗುವಿನ ಜಠರದ ಹುಳಿಯೂ ಈ ಸರಗಳನ್ನು ಬಿಚ್ಚುವುದೇ. ಆಮೇಲೆ ಪಾಚಕ ರಸಗಳು ಪೆಪ್ಟೈಡ್ ಬಂಧಗಳನ್ನೇ ಕತ್ತರಿಸುತ್ತವೆ. ದೇಹಕ್ಕೆ ಬೇಕಾದುದು ಆ ಮಣಿಗಳು. ಕಾಯಿಸುವಾಗ ‘ಸಿ’ಯಂತಹ ಕೆಲವು ಜೀವಸತ್ವಗಳು ಒಂದಿಷ್ಟು ಕುಂದುವುದು ನಿಜ. ಅದನ್ನು ಒಂದು ನೆಲ್ಲಿಕಾಯಿ ತುಂಬಿಕೊಡುತ್ತದೆ. ಆ ತಾಯಿ ಹಾಲನ್ನು ನಿಶ್ಚಿಂತೆಯಿಂದ ಉಕ್ಕಿಸಲಿ.