ಗಿರಾಕಿ ಎಷ್ಟು ಬೇಕು?

2021ರ ಮಳೆಗಾಲ. ಕೋವಿಡ್ ಎರಡನೇ ಅಲೆಗೆ ಸಿಕ್ಕ ಬಾಳೆ ಬೆಳೆಗಾರರಿಗೆ ಗೊನೆ ಕಡಿಸಿದ ಕೂಲಿಯೂ ಹುಟ್ಟದ ಕಾಲ. ಆಗ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಬಾಳೆಕಾಯಿ ಹುಡಿಯ ವಿಷಯ ಕೈಗೆತ್ತಿಕೊಂಡರು. ಕಾಯಿಯನ್ನು ತೆಳ್ಳಗೆ ಹೆಚ್ಚಿ, ಒಣಗಿಸಿ, ಬೀಸಿಟ್ಟುಕೊಳ್ಳುವುದು, ಅಷ್ಟೇ ಕೆಲಸ. ಕೇರಳದಲ್ಲಿ ಕೂಸುಗಳಿಗೆ ತಿನ್ನಿಸುವ ಇಂಥ ಹುಡಿ ಹಳೆಯ ರೂಢಿ. ನಮ್ಮ ಕಡೆ ಹೆಚ್ಚು ಬಳಕೆ ಇರಲಿಲ್ಲ. ಹೆಸರು ವಾಟ್ಸ್‌ಆ್ಯಪಿಗೆ ಉದ್ದವಾಯಿತೋ ಏನೋ, ‘ಬಾಕಾಹು’ ಎಂದು ಮೊಟಕಾಯಿತು. ದಕ್ಷಿಣ ಕನ್ನಡ, ಉತ್ತರ ಕನ್ನಡದ ಹೆಣ್ಣುಮಕ್ಕಳು ಮನೆಯಲ್ಲೇ ಹುಡಿ ಮಾಡಿದರು, ದೋಸೆ ಹೊಯ್ದರು, ಗುಲಾಬ್ ಜಾಮೂನು ಮಾಡಿದರು. ಫೋಟೊ ತೆಗೆದು, ಮಾಡುವ ವಿಧಾನವನ್ನೂ ಬರೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರು. ಆ ವರ್ಷದ ಜುಲೈ 25ರ ‘ಮನದ ಮಾತಿ’ನಲ್ಲಿ ಪ್ರಧಾನಿಯೇ ಇದನ್ನು ಪ್ರಸ್ತಾಪಿಸಿದರು.

ಸೋಷಿಯಲ್ ಮೀಡಿಯಾದಲ್ಲಿ ವ್ಯಾಪಾರ ಬೆಳೆಸುವುದು ಹೇಗೆ ಎಂದು ಕಲಿಸುವ ಕೋರ್ಸುಗಳು ಈಗ ಬೀದಿಗೊಂದು. ನನ್ನನ್ನು ಕೇಳಿದರೆ ಅವುಗಳಿಗಿಂತ ಈ ಬಾಕಾಹು ಕತೆಯನ್ನು ನಿಧಾನವಾಗಿ ನೋಡುವುದೇ ಲಾಭ.

ಮೊದಲನೆಯದಾಗಿ, ಆ ಹೆಂಗಸರು ಹುಡಿಯನ್ನು ಹೊಗಳಲಿಲ್ಲ. ಕಾಣದ ಸಾಮಾನು ಎದುರಿಗೆ ಬಂದಾಗ ಯಾವ ಗೃಹಿಣಿಗಾದರೂ ಏಳುವ ಪ್ರಶ್ನೆ ‘ಇದನ್ನು ತಂದು ಏನು ಮಾಡಲಿ?’ ಎಂಬುದು. ದರದ ಮಾತು ಆಮೇಲೆ. ಆ ಪ್ರಶ್ನೆಗೆ ಕಾವಲಿಯ ಮೇಲಿನ ದೋಸೆ ಉತ್ತರ ಕೊಟ್ಟಿತು. ಇನ್ನೂ ಸೊಗಸಿನ ಸಂಗತಿಯೆಂದರೆ ಹುಡಿ ಮಾಡುವ ಗುಟ್ಟನ್ನೇ ಅವರು ಎಲ್ಲರಿಗೂ ಹೇಳಿಕೊಟ್ಟುಬಿಟ್ಟರು. ಪೇಟೆಯ ಸಲಹೆಗಾರನಾಗಿದ್ದರೆ ಹೌಹಾರುತ್ತಿದ್ದ. ಆದರೆ ಮಳೆಗಾಲದಲ್ಲಿ ಬಾಳೆಕಾಯಿ ಒಣಗಿಸಲು ಹೊರಟವರಿಗೆ ಗೊತ್ತು, ಗುಟ್ಟು ತಿಳಿದರೂ ಕೆಲಸ ಸುಲಭವಲ್ಲ. ಒಮ್ಮೆ ಮಾಡಿ ನೋಡಿ ಸುಸ್ತಾದವರೇ ಮುಂದೆ ಒಳ್ಳೆಯ ಗಿರಾಕಿಗಳು; ಹುಡಿಗೆ ಆ ಬೆಲೆ ಯಾಕೆ ಎಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಕಾಯಿಯ ತೂಕದಲ್ಲಿ ಬಹುಪಾಲು ಸಿಪ್ಪೆಗೆ, ನೀರಿಗೆ ಹೋಗುತ್ತದೆ ಎಂಬುದನ್ನು ಅವರು ತಮ್ಮದೇ ಅಡುಗೆಮನೆಯಲ್ಲಿ ಕಂಡಿರುತ್ತಾರೆ.

ಎರಡನೆಯದು ನನಗೆ ಮುಖ್ಯ ಅನ್ನಿಸಿದ್ದು. ಹುಡಿ ಅಂಗಳದ ಬಿಸಿಲಿನಲ್ಲೋ ಡ್ರೈಯರಿನಲ್ಲೋ ಆಗಬೇಕು. ಬಿಸಿಲಿಗೆ ರೀಲ್ಸಿನ ಲೆಕ್ಕ ಗೊತ್ತಿಲ್ಲ. ಲಕ್ಷ ಜನ ವಿಡಿಯೊ ನೋಡಿದರೂ ಒಂದು ಮನೆಯಿಂದ ವಾರಕ್ಕೆ ಹೊರಡುವುದು ಕೆಲವೇ ಕಿಲೊ. ಬಾಕಾಹು ಮನೆಮನೆಗೆ ಹಂಚಿಹೋಗಿದ್ದರಿಂದ ಯಾರೊಬ್ಬರ ಮೇಲೂ ಹೊರೆ ಬೀಳಲಿಲ್ಲ ಎಂದು ಕಾಣುತ್ತದೆ. ಸಣ್ಣ ವ್ಯಾಪಾರದ ಪ್ರಚಾರ ಅಳೆಯಬೇಕಾದ್ದು ಇಲ್ಲಿಂದ, ಮಾಡುವ ಕೈಗಳಿಂದ. ಎಷ್ಟು ಜನ ನೋಡಿದರು ಎಂಬ ಕಡೆಯಿಂದ ಅಳೆಯಲು ಹೋದರೆ ಲೆಕ್ಕ ತಲೆಕೆಳಗಾಗುತ್ತದೆ.

ತಲೆಕೆಳಗಾದ ಉದಾಹರಣೆಯೂ ಕಣ್ಣೆದುರಿಗೇ ಇದೆ. 2020ರ ಅಕ್ಟೋಬರಿನಲ್ಲಿ ದೆಹಲಿಯ ಮಾಳವೀಯ ನಗರದ ವೃದ್ಧ ದಂಪತಿಯ ‘ಬಾಬಾ ಕಾ ಢಾಬಾ’ದ ವಿಡಿಯೊ ದೇಶವನ್ನೆಲ್ಲ ಸುತ್ತಿತು. ವ್ಯಾಪಾರವಿಲ್ಲದೆ ಕಣ್ಣೀರಿಟ್ಟ ಮುದುಕನನ್ನು ನೋಡಿ ಮರುದಿನವೇ ಜನ ಸಾಲುಗಟ್ಟಿದರು. ಕ್ಯಾಮೆರಾಗಳು ಬಂದವು, ದೇಣಿಗೆ ಬಂತು. ಹಿಂದೆಯೇ ದೇಣಿಗೆಯ ಲೆಕ್ಕಕ್ಕಾಗಿ ವಿಡಿಯೊ ಮಾಡಿದವನ ಜತೆ ಜಗಳ, ಪೊಲೀಸ್ ದೂರು. ಡಿಸೆಂಬರಿನಲ್ಲಿ ದಂಪತಿ ಹೊಸ ರೆಸ್ಟೊರೆಂಟ್ ತೆರೆದರು. 2021ರ ಫೆಬ್ರುವರಿಗೆ ಅದು ಮುಚ್ಚಿತು, ಅವರು ಹಳೆಯ ಗೂಡಂಗಡಿಗೇ ಮರಳಿದರು. ಬಂದವರು ಮರುಕಕ್ಕೆ ಬಂದಿದ್ದರು, ಮಟರ್ ಪನೀರಿಗಲ್ಲ. ಮರುಕ ಒಂದು ಸಲ ಉಣ್ಣುತ್ತದೆ. ತಿಂಗಳಿಡೀ ಬಾಡಿಗೆ, ಅಡುಗೆಯವರ ಸಂಬಳ ಹೊರುವವನು ದಿನಾ ಬರುವ ಗಿರಾಕಿ ಮಾತ್ರ.

ಹಾಗಾದರೆ ಇನ್‌ಸ್ಟಾಗ್ರಾಂ ಬೇಡವೇ? ಬೇಕು. ಇಳಕಲ್ ಸೀರೆ ಮಾರುವವರಿಗೆ, ಗುಳೇದಗುಡ್ಡದ ಖಣ ನೇಯಿಸುವವರಿಗೆ ಅದು ದೊಡ್ಡ ಉಪಕಾರಿ. ಬಣ್ಣ, ಅಂಚು, ಟೋಪ ತೆನೆಯ ಸೆರಗು ಇವೆಲ್ಲ ಕಣ್ಣಿಗೆ ಕಾಣುವ ಗುಣಗಳು. ಸೀರೆ ಟಪಾಲಿನಲ್ಲಿ ಒಡೆಯುವುದಿಲ್ಲ, ಸೋರುವುದಿಲ್ಲ, ಹಳಸುವುದಿಲ್ಲ. ಬೋಸ್ಟನ್ನಿನ ಕನ್ನಡತಿಗೂ ಕಳಿಸಬಹುದು. ಆದರೆ ದಾವಣಗೆರೆಯಲ್ಲಿ ಬೆಣ್ಣೆದೋಸೆ ಹೊಯ್ಯುವವನ ರೀಲ್ಸನ್ನು ಕಾನ್ಪುರದ ಹುಡುಗ ನೋಡಿ ಹೃದಯದ ಗುರುತು ಒತ್ತಿದರೆ ಅಂಗಡಿಗೆ ಬಂದದ್ದೇನು? ಇದನ್ನು ಹೇಳಿದರೆ ಅಂಗಡಿಯವನ ಮಗ ಮುನಿಸಿಕೊಳ್ಳುತ್ತಾನೆ. ಈಗ ಹೆಚ್ಚಿನ ಅಂಗಡಿಗಳಲ್ಲಿ ಪ್ರಚಾರ ಖಾತೆ ಮಗನದ್ದು, ಗಲ್ಲಾಪೆಟ್ಟಿಗೆ ಅಪ್ಪನದ್ದು. ಒಬ್ಬರ ಲೆಕ್ಕ ಇನ್ನೊಬ್ಬರು ನೋಡುವುದಿಲ್ಲ. ಅಂಥ ಅಂಗಡಿಗೆ ಗೂಗಲ್ ಮ್ಯಾಪಿನಲ್ಲಿ ಸರಿಯಾದ ಜಾಗ, ತೆರೆಯುವ ಹೊತ್ತು, ವಾರದ ರಜೆ, ಎತ್ತಿಕೊಳ್ಳುವ ಫೋನ್ ನಂಬರು ಇದ್ದರೆ ಅರ್ಧ ಕೆಲಸ ಮುಗಿಯಿತು. ಹಸಿದವನು ಹುಡುಕುವುದೇ ಅಲ್ಲಿ.

ಇನ್ನು ‘ಬೂಸ್ಟ್’ ಗುಂಡಿ. ಪೋಸ್ಟಿನ ಕೆಳಗೆ ನೀಲಿ ಬಣ್ಣದಲ್ಲಿ ಕಣ್ಣು ಮಿಟುಕಿಸುತ್ತಿರುತ್ತದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ, ಪಕ್ಕದ ಅಂಗಡಿಯವನಿಗೆ ಬಿದ್ದ ಲೈಕುಗಳನ್ನು ನೋಡಿದ ಮೇಲೆ, ಅದನ್ನು ಒತ್ತುವ ಚಟ ಹತ್ತುತ್ತದೆ. ಹಣ ಕೊಡುವುದು ತಪ್ಪಲ್ಲ. ಪಟ್ಟಣದಿಂದ ಇಷ್ಟು ಕಿಲೊಮೀಟರ್ ಒಳಗಿರುವವರಿಗೆ ಮಾತ್ರ ತೋರಿಸು ಎಂದು ಹೇಳುವ ಸೌಲಭ್ಯ ಜಾಹೀರಾತಿನಲ್ಲಿದೆ, ಜಾಹೀರಾತು ಒತ್ತಿದವರು ನೇರ ವಾಟ್ಸ್‌ಆ್ಯಪಿಗೆ ಬಂದಿಳಿಯುವಂತೆಯೂ ಮಾಡಬಹುದು. ಅಷ್ಟು ಮಾಡದೆ ಇಡೀ ರಾಜ್ಯಕ್ಕೆ ತೋರಿಸಿ ದುಡ್ಡು ಸುರಿದವರೇ ಹೆಚ್ಚು. ಆ ದುಡ್ಡಿನ ಮೇಲೆ 18% ಜಿಎಸ್‌ಟಿ ಬೇರೆ.

ಫಾಲೋವರುಗಳನ್ನು ಆಸ್ತಿ ಎಂದು ನಂಬಿದವರಿಗೆ ಎರಡು ತಾರೀಕು ನೆನಪಿಸಬೇಕು. 2020ರ ಜೂನ್ 29ರಂದು ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕ್ ಇತ್ತು. ಅಲ್ಲಿ ಕಟ್ಟಿಕೊಂಡ ಜನರನ್ನು ಯಾರೂ ಮೂಟೆ ಕಟ್ಟಿ ತರಲಾಗಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಮಲಗಿದವು. ಬಾಡಿಗೆ ಜಾಗದಲ್ಲಿ ಕಟ್ಟಿದ ಅಂಗಡಿಗೆ ಇರುವ ಭಯವೇ ಇದಕ್ಕೂ ಇದೆ. ಹೀಗಾಗಿ ಗಿರಾಕಿಯ ಹೆಸರು, ಫೋನ್ ನಂಬರು, ಕಳೆದ ಸಲ ಏನು ಒಯ್ದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಹಳೆಯ ಕಿರಾಣಿ ಅಂಗಡಿಯವನೇ ಜಾಣ.

ಆ ನಂಬರುಗಳಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು. ಕ್ಯಾಟಲಾಗು ಹಾಕಬಹುದು, ಆರ್ಡರು ಕೊಟ್ಟವರಿಗೊಂದು, ದುಡ್ಡು ಬಾಕಿ ಇರುವವರಿಗೊಂದು ಲೇಬಲ್ ಅಂಟಿಸಬಹುದು. ಅದರ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ನನಗೆ ಇಷ್ಟವಾದ ಒಂದು ನಿಯಮ ಇದೆ: ಒಂದು ಪಟ್ಟಿಗೆ 256 ಮಂದಿ, ಅದೂ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರಷ್ಟೇ ಮೆಸೇಜು ತಲುಪುತ್ತದೆ. ಅಂದರೆ ಎದುರಿನವರೂ ಬೇಕು ಅಂದಿರಬೇಕು. ಅಂಥವರು ಇನ್ನೂರು ಜನ ಇದ್ದರೆ ಉಪ್ಪಿನಕಾಯಿ ಮಾರುವ ಒಂದು ಮನೆ ನಡೆಯುತ್ತದೆ. ಅವರಿಗೆ ದಿನಾ ಬೆಳಗಾದರೆ ಗುಲಾಬಿ ಹೂವಿನ ‘ಶುಭೋದಯ’ ಕಳಿಸಿದರೆ ಅವರೂ ಉಳಿಯುವುದಿಲ್ಲ, ಆ ಮಾತು ಬೇರೆ.

ದುಡ್ಡು ಕೊಟ್ಟು ಹೊಗಳಿಸಿಕೊಳ್ಳುವ ವಿಷಯಕ್ಕೆ ಒಂದೇ ಮಾತು. ಫುಡ್ ವ್ಲಾಗರುಗಳಿಗೆ ಕಾಸು ಕೊಟ್ಟಿದ್ದರೆ ಅದು ಜಾಹೀರಾತು ಎಂದು ಅವರು ಹೇಳಲೇಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲಕ್ಕೇ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ‘ಸಕ್ಕರೆ ಕಾಯಿಲೆ ವಾಸಿ’ ಎಂದು ಹಲಸಿನ ಹಪ್ಪಳಕ್ಕೋ ಬಾಳೆಕಾಯಿ ಹುಡಿಗೋ ಬರೆಯುವ ಉತ್ಸಾಹಿಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಲಿ. ಪ್ಯಾಕೆಟ್ಟಿನ ಮೇಲೆ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ನಂಬರು ಕಾಣುವಂತೆ ಒಂದು ಫೋಟೊ ಹಾಕಿ. ಹತ್ತು ವಿಶೇಷಣಗಳಿಗಿಂತ ಅದು ವಾಸಿ.

ಸ್ವಸಹಾಯ ಸಂಘಗಳಿಗಾಗಿ ನಡೆಯುವ ತರಬೇತಿಗಳಲ್ಲಿ ರೀಲ್ಸಿನ ಪಾಠವೇ ಮುಂದೆ ಬಂದು, ಉಳಿದದ್ದು ಹಿಂದೆ ಬೀಳುತ್ತಿದೆ. ಶಿರಸಿಯ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಎಣ್ಣೆ ಸೋರದಂತೆ ಬೆಂಗಳೂರಿಗೆ ಕಳಿಸುವುದು ಹೇಗೆ, ಗಾಜಿನ ಬಾಟಲಿ ಒಡೆದರೆ ದುಡ್ಡು ಯಾರು ಕೊಡಬೇಕು, ಅರ್ಧ ಕಿಲೊ ಸಾಮಾನಿಗೆ ಕೊರಿಯರ್ ದರವೇ ಸಾಮಾನಿನ ಅರ್ಧದಷ್ಟಾದರೆ ಯಾವ ತೂಕದ ಪ್ಯಾಕೆಟ್ ಮಾರಬೇಕು, ‘ಇನ್ನೂ ಬಂದಿಲ್ಲ’ ಎಂದು ರಾತ್ರಿ ಹತ್ತಕ್ಕೆ ಮೆಸೇಜು ಹಾಕಿದವರಿಗೆ ಏನೆಂದು ಉತ್ತರಿಸಬೇಕು – ಇವಕ್ಕೆ ಒಂದು ದಿನ ಬೇಡವೇ? ಮಿಡಿಗೆ ವರ್ಷಕ್ಕೊಂದೇ ಸುಗ್ಗಿ. ಭರಣಿ ಖಾಲಿಯಾದ ದಿನ ‘ಈ ವರ್ಷದ್ದು ಮುಗಿಯಿತು, ಮುಂದಿನ ಸಲಕ್ಕೆ ಹೆಸರು ಬರೆಸಿ’ ಎಂದು ಸ್ಟೇಟಸ್ ಹಾಕಲು ಧೈರ್ಯ ಬೇಕು. ಎಲ್ಲಿಂದಲೋ ತಂದ ಮಿಡಿಯನ್ನು ತುಂಬಿಸಿ ಆರ್ಡರು ಪೂರೈಸುವ ಆಸೆ ಆಗಲೇ ಬರುವುದು. ತರಬೇತಿ ಕೊಡುವವರು ಆ ಒಂದು ಸ್ಟೇಟಸ್ ಬರೆಯುವುದನ್ನು ಕಲಿಸಲಿ.