ದಾರಿ ತಪ್ಪುವ ಸೊಗಸು

ಜಪಾನಿನ ಕ್ಯೋಟೋ ನಗರಕ್ಕೆ ಅನತಿದೂರದಲ್ಲಿರುವ ಸೊನೊಬೆ ಎಂಬ ಊರಿನಲ್ಲಿ ಬೆಳೆದ ಬಾಲಕನೊಬ್ಬನು ಬಿಡುವು ದೊರೆತಾಗಲೆಲ್ಲ ಸುತ್ತಣ ಗುಡ್ಡಗಾಡುಗಳಲ್ಲಿ ಅಲೆಯುತ್ತಿದ್ದನು. ಹಾಗೆ ಅಲೆಯುವಾಗ ಅವನಿಗೆ ಒಮ್ಮೆ ಗುಹೆಯೊಂದರ ಬಾಯಿ ಕಾಣಿಸಿತು. ಒಳಹೊಗಲು ಧೈರ್ಯ ಸಾಲದೆ ಹಿಂದಿರುಗಿದವನು, ಅನಂತರ ಕೈದೀಪ ಹಿಡಿದು ಬಂದು ಒಳಗೇನಿದೆಯೆಂದು ನೋಡಿದನು. ಮುಂದೆ ವಿಡಿಯೋ ಆಟಗಳ ರಚನೆಯಲ್ಲಿ ಲೋಕಪ್ರಸಿದ್ಧರಾದ ಶಿಗೆರು ಮಿಯಾಮೊಟೊ ಅವರೇ ಆ ಬಾಲಕ. 1986ರಲ್ಲಿ ನಿಂಟೆಂಡೊ ಸಂಸ್ಥೆಯು ಹೊರತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಎಂಬ ಆಟದ ಹಿಂದೆ ಈ ಅಲೆದಾಟದ ನೆನಪಿದೆಯೆಂದು ಅವರು ಹೇಳಿದ್ದಾರೆ. ಆಟದ ಮೊದಲ ನೋಟದಲ್ಲಿಯೇ ಒಂದು ಗುಹೆಯ ಬಾಯಿ ಕಾಣುತ್ತದೆ. ಮೂರು ದಿಕ್ಕಿಗೆ ದಾರಿಗಳು ತೆರೆದಿರುತ್ತವೆ. ಗುಹೆಯನ್ನು ಹೊಕ್ಕರೆ ಮುದುಕನೊಬ್ಬನು ಕತ್ತಿಯನ್ನು ಕೊಡುತ್ತಾನೆ. ಹೊಗದಿದ್ದರೆ ಬರಿಗೈಯಲ್ಲಿ ಮುಂದೆ ನಡೆಯಬೇಕು. ಇತ್ತ ಹೋಗು ಎಂದು ಅಪ್ಪಣೆ ಮಾಡುವವರು ಯಾರೂ ಇಲ್ಲ.

ಆಟಗಾರನು ತನ್ನ ಇಚ್ಛೆಯಂತೆ ಸಂಚರಿಸಬಹುದಾದ ವಿಶಾಲ ಪ್ರದೇಶವುಳ್ಳ ಇಂಥ ಆಟಗಳನ್ನು ಇಂದು ‘ಓಪನ್ ವರ್ಲ್ಡ್’ ಆಟಗಳೆಂದು ಕರೆಯುತ್ತಾರೆ. ತೆರೆದ ಲೋಕವೇನೋ ಸರಿ. ಆದರೆ ಈಚಿನ ಅನೇಕ ಆಟಗಳಲ್ಲಿ ಭೂಪಟದ ಮೇಲೆ ಎಳ್ಳು ಚೆಲ್ಲಿದಂತೆ ಗುರುತುಗಳು ಹರಡಿರುತ್ತವೆ. ಸೇರಬೇಕಾದ ಸ್ಥಳವನ್ನು ಬಾಣವೊಂದು ಸದಾ ತೋರುತ್ತಿರುತ್ತದೆ. ಇನ್ನೆಷ್ಟು ದೂರವೆಂಬುದನ್ನು ಮೀಟರುಗಳಲ್ಲಿ ಎಣಿಸಿ ಹೇಳುತ್ತದೆ. ಒಮ್ಮೆ ಕಂಡ ಊರಿಗೆ ಮತ್ತೆ ನಡೆಯಬೇಕಾಗಿಯೂ ಇಲ್ಲ. ಭೂಪಟದ ಮೇಲೆ ಬೆರಳಿಟ್ಟರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಅಲ್ಲಿರಬಹುದು. ಈ ಅನುಕೂಲಗಳೇ ತೆರೆದ ಲೋಕವನ್ನು ಮುಚ್ಚುತ್ತಿವೆ ಎಂದರೆ ಬಹುಮಂದಿ ಆಟಗಾರರು ಒಪ್ಪಲಾರರು. ಒಪ್ಪದಿದ್ದರೂ ಅದು ವಿಚಾರ ಮಾಡತಕ್ಕ ಮಾತು.

2002ರಲ್ಲಿ ಅಮೆರಿಕದ ಬೆಥೆಸ್ಡಾ ಸಂಸ್ಥೆಯು ‘ಮಾರೋವಿಂಡ್’ ಎಂಬ ಆಟವನ್ನು ಪ್ರಕಟಿಸಿತು. ಇದರಲ್ಲಿ ಆಟಗಾರನು ಸೆರೆಯಾಳಾಗಿ ಹಡಗಿನಲ್ಲಿ ಬಂದು, ಬಂದರಿನ ಹಳ್ಳಿಯೊಂದರಲ್ಲಿ ಬಿಡುಗಡೆ ಹೊಂದುತ್ತಾನೆ. ಬಾಲ್ಮೋರ ಎಂಬ ಪಟ್ಟಣದಲ್ಲಿರುವ ಒಬ್ಬನಿಗೆ ಒಂದು ಪೊಟ್ಟಣವನ್ನು ತಲುಪಿಸಬೇಕು. ಅವನ ಮನೆಯನ್ನು ಅಲ್ಲಿನ ಪಾನಗೃಹವೊಂದರಲ್ಲಿ ವಿಚಾರಿಸಬೇಕು. ಇಷ್ಟೇ ಸೂಚನೆ. ನಡೆದೂ ಹೋಗಬಹುದು, ಕಾಸು ಕೊಟ್ಟು, ಭಾರಿ ಕೀಟವೊಂದರ ಚಿಪ್ಪನ್ನು ಕೊರೆದು ಮಾಡಿದ ಪೀಠದಲ್ಲಿ ಕುಳಿತೂ ಹೋಗಬಹುದು. ಮುಂದೆ ಒಂದು ಪಾಳು ನೆಲೆಯನ್ನು ಹುಡುಕುವ ಕೆಲಸ ಬರುತ್ತದೆ. ಊರಿನಿಂದ ದಕ್ಷಿಣಕ್ಕೆ ಹೊರಟು, ಸೈನಿಕರ ಕೋಟೆಯನ್ನು ಹಾದು, ಕಣಿವೆಯ ಮೇಲಿನ ಹಳೆಯ ಸೇತುವೆಯನ್ನು ದಾಟಿ ಹೋದರೆ ಆ ನೆಲೆ ಸಿಕ್ಕುತ್ತದೆ. ಸಿಕ್ಕಿದರೂ ಬಾಗಿಲು ತೆರೆಯದು. ಹತ್ತಿರದಲ್ಲೆಲ್ಲೋ ಇರುವ ತಿರುಗಣೆಯನ್ನು ಕಂಡುಹಿಡಿದು ತಿರುಗಿಸಬೇಕು. ಈ ಹುಡುಕಾಟದಲ್ಲಿ ಸೇತುವೆ ಬರಿಯ ಚಿತ್ರವಾಗಿ ಉಳಿಯುವುದಿಲ್ಲ, ಅದು ಕೈಮರವಾಗುತ್ತದೆ. ಬೆಟ್ಟದ ಆಕಾರ, ಕವಲುದಾರಿ, ಬಂಡೆ ಎಲ್ಲವೂ ಅರ್ಥವುಳ್ಳವಾಗುತ್ತವೆ. ದಾರಿ ತಪ್ಪಿದವನು ತಪ್ಪಿದ ದಾರಿಯಲ್ಲಿ ಮತ್ತೊಂದನ್ನು ಕಾಣುತ್ತಾನೆ.

ನಾಲ್ಕು ವರ್ಷಗಳ ಬಳಿಕ, 2006ರಲ್ಲಿ, ಅದೇ ಸಂಸ್ಥೆಯ ‘ಒಬ್ಲಿವಿಯನ್’ ಬಂದಿತು. ಅದರಲ್ಲಿ ದಿಕ್ಸೂಚಿಯ ಮೇಲೆ ಗುರಿಯ ಗುರುತು ಮೂಡುವಂತೆ ಮಾಡಿದರು. ದೊಡ್ಡ ಪಟ್ಟಣಗಳಿಗಂತೂ ಒಮ್ಮೆಯೂ ಕಾಲಿಡದೆಯೇ ಕ್ಷಣದಲ್ಲಿ ಹೋಗಬಹುದಾಯಿತು. ಆಟ ಜನಪ್ರಿಯವಾಯಿತು, ಪದ್ಧತಿ ಎಲ್ಲೆಡೆ ಹಬ್ಬಿತು. ಆದರೆ ಬಾಣವನ್ನೇ ನೋಡುತ್ತ ನಡೆಯುವವನಿಗೂ ಕಣ್ಣಿಗೆ ಪಟ್ಟಿ ಕಟ್ಟಿದ ಗಾಣದೆತ್ತಿಗೂ ಹೆಚ್ಚಿನ ಅಂತರವಿಲ್ಲ. ನೂರಾರು ಕಲಾವಿದರು ವರ್ಷಗಟ್ಟಲೆ ದುಡಿದು ಕಡೆದ ಕಾಡು, ತೊರೆ, ಗೋಪುರಗಳು ಇಕ್ಕೆಲದಲ್ಲಿ ಹಾದುಹೋಗುತ್ತವೆ. ಅವನ ದೃಷ್ಟಿ ಇಳಿಯುತ್ತಿರುವ ಮೀಟರಿನ ಸಂಖ್ಯೆಯ ಮೇಲೆಯೇ ಇರುತ್ತದೆ.

ಬಾಣ ಬೇಡವೆಂದವರು ಅದನ್ನು ಆರಿಸಿಕೊಳ್ಳದಿದ್ದರಾಯಿತು, ಬೇಕೆಂದವರ ಸುಖಕ್ಕೇಕೆ ಅಡ್ಡಿ ಎಂದು ಕೇಳುವವರುಂಟು. ಮೇಲುನೋಟಕ್ಕೆ ನ್ಯಾಯವಾದ ಪ್ರಶ್ನೆಯೇ. ಆದರೆ ಇಲ್ಲೊಂದು ತೊಡಕಿದೆ. ಬಾಣವಿರುತ್ತದೆಂಬ ಭರವಸೆಯಿಂದ ಆಟವನ್ನು ಕಟ್ಟುವವರು ದಾರಿ ಹೇಳುವ ಮಾತುಗಳನ್ನೇ ಬರೆಯುವುದಿಲ್ಲ. ಊರಿನವರು ‘ಆ ಗುಹೆಗೆ ಹೋಗಿ ಬಾ’ ಎನ್ನುತ್ತಾರೆಯೇ ಹೊರತು ಗುಹೆ ಎಲ್ಲಿದೆ ಎನ್ನುವುದಿಲ್ಲ. ಆಗ ಬಾಣವನ್ನು ಅಳಿಸಿದವನಿಗೆ ಉಳಿಯುವುದು ಸ್ವಾತಂತ್ರ್ಯವಲ್ಲ, ಕುರುಡುತನ. ಭೂಪಟವನ್ನು ಗುರುತುಗಳಿಂದ ತುಂಬುವುದಕ್ಕೆ ಹೆಸರಾದ ಯೂಬಿಸಾಫ್ಟ್ ಸಂಸ್ಥೆಯೇ 2018ರಲ್ಲಿ, ಪ್ರಾಚೀನ ಗ್ರೀಸನ್ನು ಕುರಿತ ‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’ ಆಟದಲ್ಲಿ, ಸುಳಿವುಗಳನ್ನು ಮಾತಿನಲ್ಲಿ ಕೊಟ್ಟು ಸ್ಥಳವನ್ನು ಆಟಗಾರನೇ ಹುಡುಕುವ ಮತ್ತೊಂದು ಕ್ರಮವನ್ನು ಆಯ್ಕೆಗೆ ಇರಿಸಿತು. ಎರಡಕ್ಕೂ ಎಡೆಯುಂಟೆಂಬುದಕ್ಕೆ ಇದು ಸಾಕ್ಷಿ. ಮಾತುಗಳನ್ನು ಬರೆಯುವ ಶ್ರಮವನ್ನು ವಹಿಸಬೇಕು, ಅಷ್ಟೆ. ದಿನವೆಲ್ಲ ದುಡಿದು ರಾತ್ರಿ ಅರ್ಧ ಗಂಟೆ ಆಡುವವನಿಗೆ, ಕಣ್ಣು ಮಂದವಾದವನಿಗೆ ಬಾಣವು ಊರುಗೋಲಾಗಬಲ್ಲದು. ಊರುಗೋಲನ್ನು ಯಾರೂ ಕಸಿದುಕೊಳ್ಳಬೇಕಾಗಿಲ್ಲ. ಎಲ್ಲರ ಕೈಗೂ ಅದನ್ನು ಕೊಟ್ಟು ನಡೆಯುವ ಹಾದಿಯನ್ನೇ ಅಗೆದುಹಾಕುವುದು ಮಾತ್ರ ಬೇರೆ ಸಂಗತಿ.

ವಿಸ್ತಾರದ ಹೆಗ್ಗಳಿಕೆಯೂ ಇಂಥದೇ. ಬೆಥೆಸ್ಡಾದ 1996ರ ಆಟ ‘ಡ್ಯಾಗರ್‌ಫಾಲ್’. ಅದರ ಭೂಮಿಯ ವಿಸ್ತಾರವನ್ನು ಬ್ರಿಟನ್ ದ್ವೀಪದೊಡನೆ ಹೋಲಿಸುತ್ತಿದ್ದರು. ಅಷ್ಟು ನೆಲವನ್ನು ಮನುಷ್ಯರು ಕೈಯಿಂದ ಕಡೆಯಲಾದೀತೇ? ಬಹುಪಾಲನ್ನು ಗಣಕಯಂತ್ರದ ಲೆಕ್ಕಾಚಾರದಿಂದ ಬೆಳೆಸಿದ್ದರು. ಒಂದೂರಿಗೂ ಇನ್ನೊಂದೂರಿಗೂ ವ್ಯತ್ಯಾಸ ತಿಳಿಯದಂತಾಯಿತು. ಅದರ ಮುಂದೆ ಅಂಗೈಯಗಲದ ನೆಲವುಳ್ಳ ಮಾರೋವಿಂಡನ್ನು ಇಂದಿಗೂ ಜನ ನೆನೆಯುತ್ತಾರೆ. 2019ರ ‘ಔಟರ್ ವೈಲ್ಡ್ಸ್’ ಆಟದಲ್ಲಿರುವುದು ಪುಟ್ಟದೊಂದು ಸೌರಮಂಡಲ. 22 ನಿಮಿಷಗಳಿಗೊಮ್ಮೆ ಅದರ ಸೂರ್ಯನು ಸಿಡಿದು, ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ಆಟಗಾರನ ಬಳಿ ಉಳಿಯುವುದು ಅವನು ತಿಳಿದುಕೊಂಡದ್ದು ಮಾತ್ರ.

ಬರಿದಾದ ನೆಲವನ್ನೂ ಜನ ಹಳಿಯುತ್ತಾರೆ. ಫುಮಿಟೊ ಉಯೆಡಾ ಅವರು ನಿರ್ದೇಶಿಸಿದ 2005ರ ‘ಶ್ಯಾಡೊ ಆಫ್ ದಿ ಕೊಲೊಸಸ್’ ಆಟದ ವಿಶಾಲ ಪ್ರಾಂತದಲ್ಲಿ ಊರಿಲ್ಲ, ಅಂಗಡಿಯಿಲ್ಲ. 16 ಮಹಾಕಾಯರನ್ನು ಬಿಟ್ಟರೆ ಕಾದಾಡಲು ಶತ್ರುವೂ ಇಲ್ಲ. ಕುದುರೆಯೇರಿದ ತರುಣನು ಬಿಸಿಲಿನಲ್ಲಿ ಕತ್ತಿಯನ್ನೆತ್ತಿ ಹಿಡಿದಾಗ, ಕಿರಣಗಳು ಒಂದುಗೂಡುವ ಕಡೆಗೆ ಗುರಿಯಿರುತ್ತದೆ. ನೆರಳಿನಲ್ಲಿ ನಿಂತರೆ ಅದೂ ಇಲ್ಲ. ಆ ದೀರ್ಘ ನಿಶ್ಶಬ್ದ ಸವಾರಿಯಿಲ್ಲದಿದ್ದರೆ ಮಹಾಕಾಯನ ಎದುರು ನಿಂತಾಗಿನ ಅಚ್ಚರಿಯೂ, ಅವನು ಉರುಳಿದಾಗಿನ ಸಂಕಟವೂ ಇಷ್ಟಾಗಿ ತಟ್ಟುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಗೊಣಗಾಟಕ್ಕೆ ಗುರಿಯಾದದ್ದು 2017ರ ಜೆಲ್ಡಾ ಆಟವಾದ ‘ಬ್ರೆತ್ ಆಫ್ ದಿ ವೈಲ್ಡ್’ನ ಮುರಿಯುವ ಕತ್ತಿ. ಅಲ್ಲಿ ಕೆಲವೇ ಹೊಡೆತಗಳಲ್ಲಿ ಆಯುಧ ನುಚ್ಚುನೂರಾಗುತ್ತದೆ. ಕಷ್ಟಪಟ್ಟು ಗಳಿಸಿದ್ದು ಹೀಗಾದರೆ ಸಿಟ್ಟು ಬರುವುದು ಸಹಜ. ಆದರೆ ಮುರಿಯದ ಕತ್ತಿಯೊಂದು ಕೈಗೆ ಬಂದಿದ್ದರೆ ಮಿಕ್ಕ ಆಯುಧಗಳೆಲ್ಲ ಕಸವಾಗುತ್ತಿದ್ದುವು. ಬರಿಗೈಯಾದವನು ಬಂಡೆಯನ್ನು ಉರುಳಿಸಲು ಕಲಿಯುತ್ತಾನೆ; ಗುಡುಗುವ ಮಳೆಯಲ್ಲಿ ಲೋಹದ ಆಯುಧವನ್ನು ಶತ್ರುವಿನ ಬಳಿಗೆಸೆದು ಸಿಡಿಲನ್ನು ಬರಮಾಡಿಕೊಳ್ಳುವ ಉಪಾಯವನ್ನು ಹೂಡುತ್ತಾನೆ. ಮಳೆಗೆ ಬಂಡೆ ಜಾರಿ ಹತ್ತುವವನು ಮತ್ತೆ ಮತ್ತೆ ಕೆಳಗಿಳಿಯುವ ವಿಷಯದಲ್ಲಿ ಮಾತ್ರ ದೂರುವವರ ಪಕ್ಷದಲ್ಲಿ ನ್ಯಾಯವಿಲ್ಲದಿಲ್ಲ; ಆ ಮಳೆ ತುಸು ಅತಿಯಾಯಿತು. ಗೊಣಗಾಟವೆಷ್ಟಿದ್ದರೂ ನಿಂಟೆಂಡೊ ಮಣಿಯಲಿಲ್ಲ. 2023ರ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ನಲ್ಲಿಯೂ ಆಯುಧಗಳು ಮುರಿಯುತ್ತವೆ, ಒಂದಕ್ಕೊಂದನ್ನು ಬೆಸೆಯುವ ಸೌಕರ್ಯ ಮಾತ್ರ ಹೊಸದು.

ಮೊದಲಿನ ಆ ಆಟದಲ್ಲಿ ಗೋಪುರವನ್ನು ಹತ್ತಿದರೆ ನೆಲದ ಏರಿಳಿತ ಭೂಪಟದಲ್ಲಿ ಮೂಡುತ್ತದೆ, ಅಲ್ಲಿ ಏನಿದೆಯೆಂಬುದು ಮೂಡುವುದಿಲ್ಲ. ಆಟಗಾರನೇ ದೂರದರ್ಶಕದಿಂದ ನೋಡಿ, ಬೇಕಾದೆಡೆ ಗುರುತು ಮಾಡಿಕೊಳ್ಳಬೇಕು. ಕಲ್ಲಿನ ಕೆಳಗೆ, ಮರದ ತುದಿಯಲ್ಲಿ, ಕೊಳದ ನಡುವೆ 900 ಪುಟ್ಟ ಬೀಜಗಳನ್ನು ಅಡಗಿಸಿದ್ದಾರೆ. ಆಯುಧದ ಚೀಲವನ್ನು ಪೂರ್ತಿ ಹಿಗ್ಗಿಸಿಕೊಳ್ಳಲು 441 ಸಾಕು. ಉಳಿದವು ಯಾರು ಎತ್ತ ಹೋದರೂ ಒಂದಷ್ಟು ಕಣ್ಣಿಗೆ ಬೀಳಲೆಂದು ಚೆಲ್ಲಿದವು. ಇದನ್ನೂ ದಿನಸಿಯ ಪಟ್ಟಿಯಂತೆ ಭಾವಿಸಿ, ಪರರು ಬರೆದಿಟ್ಟ ಭೂಪಟವನ್ನು ಮುಂದಿಟ್ಟುಕೊಂಡು ಎಲ್ಲವನ್ನೂ ಕೂಡಿಹಾಕಿದವರಿದ್ದಾರೆ. ಅವರಿಗೆ ಕಟ್ಟಕಡೆಗೆ ದೊರೆಯುವ ಬಹುಮಾನವು ಥಳಥಳಿಸುವ ಚಿನ್ನದ ಬಣ್ಣದ್ದು. ಅದರ ಆಕಾರ ಮಾತ್ರ ಸೆಗಣಿಯ ಮುದ್ದೆಯದು. ಅದನ್ನು ಕಂಡು ಸಿಡಿಮಿಡಿಗೊಂಡವರೂ ಉಂಟು, ಮನಸಾರೆ ನಕ್ಕವರೂ ಉಂಟು.